ಹೊನ್ನಿಗೆ ವಾಕರಿಕೆ ಬಂದಿದೆ

ಗಣಿಶಕ ೨೧೨, ಎರಡನೆಯ ಬೇಸಿಗೆ, ನಲವತ್ತೊಂದನೇ ತಾರೀಕು

ನನಗಿಂತ ಬಹಳ ಮುಂಚೆ ಹುಟ್ಟಿದ ತಾಯಂದಿರಿಗೆ ಸುರಂಗದೂರಿನ ಸಾಕಮ್ಮ ಮಾಡುವ ನಮಸ್ಕಾರ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಎಷ್ಟೋ ಪದಗಳು ನಮ್ಮಲ್ಲಿ ಉಳಿದಿಲ್ಲ. ‘ವಾಕರಿಕೆ’ ಎಂಬುದನ್ನೇ ನಿಮ್ಮ ಕಾಲದ ಪುಸ್ತಕಗಳಲ್ಲಿ ಹುಡುಕಿ ತೆಗೆಯಬೇಕಾಯಿತು. ಈ ಕಾಗದ ನಿಮ್ಮ ಕಾಲಕ್ಕೆ, ಹಿಂದಕ್ಕೆ ಹೋಗುತ್ತದೋ ಇಲ್ಲವೋ ತಿಳಿಯದು. ಆದರೆ ಕೇಳೋಣವೆಂದರೆ ಇಲ್ಲಿ ಗೊತ್ತಿರುವವರು ಯಾರೂ ಇಲ್ಲ. ನನಗೆ ತುಂಬಾ ಭಯವಾಗಿದೆ.

ಮೇಲಿನ ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಕೋಲಾರದ ಹಳೆಯ ಚಿನ್ನದ ಗಣಿಗೆ ಇಳಿದರು. ಇಲ್ಲಿ ಹೊಲವಿಲ್ಲ. ತೊಟ್ಟಿಗಳಲ್ಲಿ ಬೂಷ್ಟು ಬೆಳೆಸಿ, ಬೇಯಿಸಿ ಉಂಡೆ ಕಟ್ಟುತ್ತೇವೆ, ಅದು ಬೂಷ್ಟುಮುದ್ದೆ. ಸಾರು ತೊಟ್ಟಿಮಾಂಸದ್ದು, ಅಂದರೆ ಪ್ರಾಣಿಯಿಲ್ಲದೆ ಬೆಳೆದ ಮಾಂಸ. ಆಗಾಗ ಒಂದು ತೊಟ್ಟಿ ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಮೊದಮೊದಲು ಬಸುರಿಯರು ಉಂಡದ್ದನ್ನೆಲ್ಲ ಕಕ್ಕುತ್ತಿದ್ದರಂತೆ. ಕಕ್ಕಿ ಹಾಳುಮಾಡುವಷ್ಟು ಅನ್ನ ಇರಲಿಲ್ಲ. ಹಾಗಾಗಿ ವೈದ್ಯರು ಹೆಣ್ಣುಮಕ್ಕಳ ಬೀಜದಲ್ಲೇ, ಮುಂದಿನ ಯಾವ ತಲೆಮಾರಿಗೂ ಬಾರದಂತೆ, ವಾಕರಿಕೆಯನ್ನು ಕಿತ್ತುಹಾಕಿದರು. ಅಂದಿನಿಂದ ನಮ್ಮ ಬಸುರಿಯರು ಏನು ಬಡಿಸಿದರೂ ಉಣ್ಣುತ್ತಾರೆ.

ಅದರ ಬದಲಿಗೆ ಮುಂತುತ್ತು ಎಂಬ ಪದ್ಧತಿ ಬಂತು. ಬಸುರಿಗೆ ಬಡಿಸುವ ಮೊದಲು ಅವಳ ಅತ್ತೆ ಒಂದು ತುತ್ತು ತಿಂದು, ಏನೂ ಆಗುವುದಿಲ್ಲ ಎಂದು ಖಚಿತವಾಗುವ ತನಕ ಕಾಯಬೇಕು. ಹೊನ್ನಿ ನನ್ನ ಒಬ್ಬಳೇ ಮಗಳು. ಅವಳ ಅತ್ತೆ, ನನ್ನ ಬೀಗಿತ್ತಿ ಪುಟ್ಟೀರಮ್ಮ, ಒಂದು ಹೊತ್ತೂ ಮುಂತುತ್ತು ತಪ್ಪಿಸಿದವಳಲ್ಲ. ಆದರೂ ಎರಡು ಬಸಿರು ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋದವು. ಎರಡನೆಯ ಸಲ ಪುಟ್ಟೀರಮ್ಮ ನನ್ನೆದುರು ಕೂತು ಅತ್ತಳು: “ನಾನೂ ಅದನ್ನೇ ತಿಂದೆ ಕಣಮ್ಮ, ಗುಂಡ್ಕಲ್ಲಿನಂಗೆ ಇದೀನಿ. ಇವಳಿಗೇನಾಯ್ತು?”

ಅರವತ್ತು ವರ್ಷದ ಹೊಟ್ಟೆ ಅರಗಿಸಿಕೊಂಡದ್ದನ್ನು ಕೈಕಾಲು ಮೂಡದ ಕೂಸು ತಡೆದೀತೆ? ಸರಿಯಾಗಿ ಆ ತಿಂಗಳುಗಳಲ್ಲೇ ನಿಮಗೆ ಮಾಂಸದ ವಾಸನೆ, ಹಳಸಿದ್ದರ ವಾಸನೆ ಬಂದರೇ ಆಗುತ್ತಿರಲಿಲ್ಲವಂತೆ. ಅದು ಕೂಸಿಗಿಟ್ಟ ಕಾವಲು ಎಂದೇ ನನಗನ್ನಿಸುತ್ತದೆ. ಹೇಸಿಕೊಂಡ ತಾಯಂದಿರ ಕೂಸುಗಳು ಹೆಚ್ಚಾಗಿ ಉಳಿದವು, ಆ ಹೇಸಿಗೆ ತಾಯಿಯಿಂದ ಮಗಳಿಗೆ ದಾಟುತ್ತ ಬಂತು. ನಾವು ಕಾವಲನ್ನು ಓಡಿಸಿ ಆ ಜಾಗದಲ್ಲಿ ಮುದುಕಿಯರನ್ನು ಕೂರಿಸಿದೆವು.

ಈಗ ಹೊನ್ನಿ ಮತ್ತೆ ಬಸುರಿ. ಇವತ್ತು ಬೆಳಗ್ಗೆ ಮುಂತುತ್ತಾದ ತಟ್ಟೆಯನ್ನು ತಳ್ಳಿ ವಾಂತಿ ಮಾಡಿಕೊಂಡಳು. ಕಿತ್ತದ್ದು ಹೇಗೆ ಚಿಗುರಿತೋ ನಾ ಕಾಣೆ. ಅಂಟುರೋಗವೆಂದು ಓಣಿಗೆ ಓಣಿಯೇ ಬಾಗಿಲು ಹಾಕಿಕೊಂಡಿತು. ಪುಟ್ಟೀರಮ್ಮ ವೈದ್ಯರ ಹತ್ತಿರ ಓಡಿಹೋಗಿ ಒಪ್ಪುಹನಿ ತಂದಳು. ನಾಲಗೆಗೆ ಎರಡು ತೊಟ್ಟು ಬಿದ್ದರೆ ಯಾವ ಅನ್ನವನ್ನೂ ಹೊಟ್ಟೆ ಒಪ್ಪುತ್ತದೆ. “ಹಾಕ್ಬಿಡು ಬೀಗ್ತಿ, ಇದೂ ಹೋದ್ರೆ ನಾನು ಬದುಕಲ್ಲ” ಎಂದು ಸೀಸೆಯನ್ನು ನನ್ನ ಕೈಗಿಟ್ಟು ಹೊರಗೆ ಕೂತಿದ್ದಾಳೆ. ಅವಳೂ ಹೆದರಿದ್ದಾಳೆ, ಪಾಪ. ಹನಿ ಹಾಕಿದರೆ ಮಗಳು ಉಣ್ಣುತ್ತಾಳೆ, ಕೂಸು ಹೋದೀತು. ಹಾಕದೆ ಬಿಟ್ಟು, ನೀರೂ ನಿಲ್ಲದೆ ಮಗಳೇ ಹೋಗಿಬಿಟ್ಟರೆ? ಅಯ್ಯೋ, ನಾನೇನು ಮಾಡಲಿ!

ನೀವು ಇದನ್ನು ಪಟ್ಟವರು. ಹೇಳಿ ತಾಯಂದಿರೇ, ಇದು ತಾನಾಗಿ ನಿಲ್ಲುತ್ತದೆಯೆ? ಎಷ್ಟರವರೆಗೆ ಸಹಜ, ಎಲ್ಲಿಂದಾಚೆ ಅಪಾಯ? ತಲೆ ಹಿಡಿಯಬೇಕೋ, ಬೆನ್ನು ನೀವಬೇಕೋ, ಅದೂ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಾದರೂ ವಾಕರಿಕೆಯನ್ನು ಬೇರುಸಹಿತ ಕೀಳಲು ಹೊರಟರೆ ತಡೆಯಿರಿ. ಸೋತು ಮಲಗಿದವಳಿಗೆ ಮದ್ದು ಕೊಡಲಿ, ಬೇಡವೆನ್ನುವುದಿಲ್ಲ; ಬೀಜಕ್ಕೆ ಮಾತ್ರ ಕೈ ಹಾಕದಿರಲಿ.

ಈಗ ಮತ್ತೆ ವಾಂತಿಯಾಯಿತು. ಕಾಗದ ಹಿಡಿದುಕೊಂಡೇ ಓಡಿದೆ. ಯಾರೂ ಕಲಿಸದೆ ನನ್ನ ಅಂಗೈ ಅವಳ ಹಣೆಗೆ ಹೋಯಿತು. ತಪ್ಪೇನೋ ಎಂದು ತೆಗೆಯಹೋದೆ. “ಕೈ ತೆಗೀಬೇಡಮ್ಮ” ಅಂದಳು. ಸೀಸೆಯ ಮುಚ್ಚಳ ಇನ್ನೂ ತೆಗೆದಿಲ್ಲ. ಪುಟ್ಟೀರಮ್ಮ ಬಾಗಿಲು ಬಡಿಯುತ್ತಿದ್ದಾಳೆ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಬೇಗ ಹೇಳಿ.