ಮಗ್ಗದ ಮುಂದೆ ಕುಡಿಯದ ನೀರು

ಗದ್ವಾಲ
೩ ನವೆಂಬರ್ ೨೦೧೬

ಶೇಖಮ್ಮಾ,

ಹೇಗಿದ್ದೀಯ ಎಂದು ಕೇಳಿ ಶುರುಮಾಡುವ ಧೈರ್ಯ ನನಗಿಲ್ಲ. ನಿನ್ನೆ ನಿನ್ನ ನಾದಿನಿ ಬುಚ್ಚಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಟ್ಟಿದೆ, ಬರುವ ಗುರುವಾರ ಮೆಹಬೂಬನಗರಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದರೆ ಉಳಿದದ್ದನ್ನಾದರೂ ಉಳಿಸಿಕೊಳ್ಳಬಹುದು, ನೀನು ಮಾತ್ರ ಒಲ್ಲೆ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದೀಯ. "ಅಷ್ಟು ದೂರ ಬಸ್ಸಿನ್ಯಾಗ ಕುಂದ್ರಾಕ ನನ್ನಿಂದ ಆಗಂಗಿಲ್ಲ" ಅಂದೆಯಂತೆ. ಬುಚ್ಚಮ್ಮ ಅದನ್ನು ಸುಸ್ತು ಎಂದುಕೊಂಡಿದ್ದಾಳೆ. ನನಗೆ ನಿಜ ಗೊತ್ತು. ಎರಡು ತಾಸಿನ ದಾರಿಯಲ್ಲಿ ನೀನು ಎರಡು ಮೂರು ಸಲವಾದರೂ ಮೂತ್ರಕ್ಕೆಂದು ಇಳಿಯಬೇಕಾಗುತ್ತದೆ, ಅಷ್ಟು ಗಂಡಸರ ಎದುರು ಬಸ್ಸು ನಿಲ್ಲಿಸಿರಿ ಎನ್ನಬೇಕಾಗುತ್ತದೆ. ಅದಕ್ಕೆ ನಿನಗೆ ನಾಚಿಕೆ. ಆ ನಾಚಿಕೆಯನ್ನು ನಿನಗೆ ಕಲಿಸಿದವಳು ನಾನು.

ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ನಿಮ್ಮ ಮನೆಯಲ್ಲಿ ಫೋನನ್ನು ಊರಿಗೆಲ್ಲ ಕೇಳುವ ಹಾಗೆ ಇಟ್ಟು ಮಾತಾಡುತ್ತಾರೆ. ಪತ್ರವಾದರೆ ಆ ಮನೆಯಲ್ಲಿ ಕನ್ನಡ ಓದಬಲ್ಲವಳು ನೀನೊಬ್ಬಳೇ. ನಮ್ಮಿಬ್ಬರನ್ನು ಮೊದಲು ಹತ್ತಿರ ತಂದದ್ದೂ ಈ ಕನ್ನಡವೇ ಅಲ್ಲವೇ? ರಾಯಚೂರು ಸೀಮೆಯಿಂದ ಇಲ್ಲಿಗೆ ಸೊಸೆಯರಾಗಿ ಬಂದ ಇಬ್ಬರು, ನೇಕಾರರ ಓಣಿಯಲ್ಲಿ ಎದುರುಬದುರು ಬಾಗಿಲು. ನಿನ್ನ ಯಜಮಾನರು ತೀರಿಕೊಂಡ ವರ್ಷ ನೀನು ನನ್ನ ಮಗ್ಗಕ್ಕೆ ಬಂದೆ. ಹದಿನಾರು ವರ್ಷ ಒಂದೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೆವು.

ಗದ್ವಾಲ ಸೀರೆ ಎಂದರೆ ಒಡಲು ಹತ್ತಿ, ಅಂಚು ರೇಷ್ಮೆ. ಎರಡೂ ಕೂಡುವ ಕಡೆ ಎಳೆಗೆ ಎಳೆ ಸಿಕ್ಕಿಸಬೇಕು, ಅದು ಒಬ್ಬರ ಕೈಲಾಗದ ಕೆಲಸ. ನಾನು ಲಾಳಿ ಎಸೆದರೆ ನೀನು ಹಿಡಿಯಬೇಕು, ನೀನು ಎಸೆದರೆ ನಾನು. ಒಬ್ಬಳು ಎದ್ದು ಹೋದರೆ ಇನ್ನೊಬ್ಬಳು ಕೈಕಟ್ಟಿಕೊಂಡು ಕೂರಬೇಕು. ನಮ್ಮ ಎರಡೂ ಮನೆಗಳಲ್ಲಿ ಪಾಯಿಖಾನೆ ಇರಲಿಲ್ಲ. ಎದ್ದರೆ ಕೆರೆ ಕಡೆಯ ಜಾಲಿ ಪೊದೆಗಳ ತನಕ ಹೋಗಿ ಬರಬೇಕು, ಅರ್ಧ ತಾಸು ಹಿಡಿಯುತ್ತದೆ. ನಿನಗೋ ಮೊದಲಿನಿಂದಲೂ ದಾಹ ಹೆಚ್ಚು. ಚೊಂಬು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ಎಮ್ಮೆ ಜನ್ಮ ಎಂದು ನಾನು ಚೇಷ್ಟೆ ಮಾಡಿದರೆ ನೀನು ನಕ್ಕು ಇನ್ನೊಂದು ಗುಟುಕು ಕುಡಿಯುತ್ತಿದ್ದೆ.

ಆಮೇಲೆ ಆ ಮದುವೆ ಸೀರೆಗಳ ಆರ್ಡರು ಬಂತು. ನೆನಪಿರಬೇಕು ನಿನಗೆ, ನನಗಂತೂ ಒಂದು ದಿನವೂ ಮರೆತಿಲ್ಲ. ಒಂದು ಬೆಳಿಗ್ಗೆ ನೀನು ಎರಡನೆಯ ಸಲ ಎದ್ದಾಗ, ಆರ್ಡರು ಕೊಟ್ಟ ಸಾಹುಕಾರರ ಮನುಷ್ಯ ರಾಮುಲು ಬಾಗಿಲಲ್ಲೇ ನಿಂತಿದ್ದ. ಅವನ ಎದುರಿಗೇ ನಾನು, "ತಾಸಿಗೊಮ್ಮೆ ಎದ್ದು ಹೋದ್ರ ಸೀರಿ ಯಾವಾಗ ಇಳೀತೈತಿ? ಕುಡಿಯೂದರ ಬಿಡು, ಇಲ್ಲಾ ನೇಯೂದರ ಬಿಡು" ಅಂದೆ. ಅವನು ಹಲ್ಲು ಕಿರಿದ. ಮರುದಿನ ನಿನ್ನ ಚೊಂಬು ಬರಲಿಲ್ಲ.

ಶೇಖಮ್ಮಾ, ನಾನು ಅದನ್ನು ನೋಡಿದ್ದೆ. ಹನ್ನೊಂದಕ್ಕೆ ನಿನ್ನ ತುಟಿ ಒಣಗುತ್ತಿತ್ತು, ಮಧ್ಯಾಹ್ನಕ್ಕೆ ತಲೆನೋವು, ಸಂಜೆ ಬೆನ್ನು ಹಿಡಿದುಕೊಂಡು ಏಳುತ್ತಿದ್ದೆ. ಐದು ದಿನ ಹಿಡಿಯುತ್ತಿದ್ದ ಸೀರೆ ನಾಲ್ಕು ದಿನಕ್ಕೆ ಇಳಿಯತೊಡಗಿತು. ಕುಡಿ ಮಾರಾಯ್ತಿ ಎಂದು ಒಂದು ಮಾತು ಹೇಳಿದ್ದರೆ ನೀನು ಕುಡಿಯುತ್ತಿದ್ದೆ. ನಾನು ಹೇಳಲಿಲ್ಲ. ನೀನೊಬ್ಬಳೇ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ನಾನೂ ಬಿಟ್ಟೆ, ಅದನ್ನು ದೊಡ್ಡ ನ್ಯಾಯ ಎಂದುಕೊಂಡೆ. ಬೆನ್ನಿಗೆ ಮೆಡಿಕಲ್ ಅಂಗಡಿಯ ಗುಳಿಗೆ ತಂದು ಒಂದು ನಿನಗೆ ಒಂದು ನನಗೆ ಎಂದು ಪ್ರೀತಿಯಿಂದ ಹಂಚಿದವಳೂ ನಾನೇ. ಒಂಬತ್ತು ವರ್ಷ ಹೀಗೇ ನಡೆಯಿತು.

ತೆಲಂಗಾಣ ರಾಜ್ಯವಾದ ದಿನ ಓಣಿಯ ತುಂಬ ಡಪ್ಪಿನ ಬಡಿತ, ಗುಲಾಲು, ಪಟಾಕಿ. ನಾವಿಬ್ಬರೂ ಸೆರಗು ಮುಗಿಸಬೇಕೆಂದು ಒಳಗೇ ಕೂತಿದ್ದೆವು. ಲಾಳಿ ನಿನ್ನ ಕಡೆ ಬಂದು ಹಾಗೇ ನಿಂತಿತು. ನೋಡಿದರೆ ನೀನು ಜ್ವರದಲ್ಲಿ ನಡುಗುತ್ತಿದ್ದೆ. ನಿನ್ನನ್ನು ಆಸ್ಪತ್ರೆಗೆ ಒಯ್ಯಲು ಆಟೋ ಓಣಿಯೊಳಗೆ ಬರಲಾಗದಷ್ಟು ಜನ. ಆ ವಾರವೇ ಬುಚ್ಚಮ್ಮ ಬಂದು ನಿನ್ನನ್ನು ಮಕ್ತಲ್‌ಗೆ ಕರೆದುಕೊಂಡು ಹೋದಳು. ಎರಡು ವರ್ಷ ಐದು ತಿಂಗಳಾಯಿತು. ಒಂದು ಸಲವೂ ನಾನು ಬರಲಿಲ್ಲ. ಕೆಲಸ, ಮಳೆ, ಮೊಣಕಾಲು ಎಂದು ನೆಪ ಹೇಳಿದೆ. ಬಂದಿದ್ದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು. ಈಗ ನಮ್ಮದು ಬೇರೆ ಜಿಲ್ಲೆ, ನಿಮ್ಮದು ಬೇರೆ ಜಿಲ್ಲೆ. ದಸರೆ ದಿನ ಅದನ್ನೂ ಘೋಷಿಸಿದರು. ಓಣಿಯಲ್ಲಿ ಎಲ್ಲರೂ ಸಿಹಿ ತಿಂದರು, ನನಗೆ ಮಾತ್ರ ನೀನು ಇನ್ನಷ್ಟು ದೂರ ಹೋದ ಹಾಗಾಯಿತು.

ಹೋದ ಬೇಸಿಗೆಯಲ್ಲಿ ನನಗೂ ಉರಿಮೂತ್ರ, ಚಳಿಜ್ವರ ಶುರುವಾಯಿತು. ನರ್ಸು ಪ್ರಶಾಂತಿ ಮನೆಗೆ ಬಂದವಳು ಮಗ್ಗದ ಸುತ್ತ ನೋಡಿ ಮೊದಲು ಕೇಳಿದ್ದೇ, "ಇಲ್ಲಿ ನೀರಿನ ಪಾತ್ರಿ ಯಾಕ ಇಲ್ಲಮ್ಮಾ?" ನಾನು ಚಾಪೆ ಸರಿಸಿ ಅವಳಿಗೆ ಕೂರಲು ಜಾಗ ಮಾಡಿದೆ. "ಮಂದು, ಔಷಧಿ, ಆಮೇಲೆ ಕೊಡ್ತೀನಿ, ಮೊದಲು ನೀಳ್ಳು ತಾಗು, ನೀರು ಕುಡಿ, ತಾಸಿಗೊಮ್ಮೆ ಏಳು, ಆ ಬೆನ್ನಿನ ಗುಳಿಗಿ ಮುಟ್ಟಬ್ಯಾಡ" ಎಂದು ಗದರಿದಳು. ಅಷ್ಟೇ ಮಾಡಿದೆ. ಎರಡು ಸೀಸೆ ನೀರು, ತಾಸಿಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು, ಸಂಜೆಯ ಅನ್ನದ ಬದಲು ಬೇಗನೆ ಒಂದು ಜೋಳದ ರೊಟ್ಟಿ. ಸರಕಾರದ ಪಾಯಿಖಾನೆಯೂ ಅದೇ ತಿಂಗಳು ಹಿತ್ತಲಲ್ಲಿ ಎದ್ದಿತು. ಹತ್ತು ದಿನಕ್ಕೆ ಉರಿ ಹೋಯಿತು. ವರ್ಷಗಳಿಂದ ಸೂರ್ಯನ ಜತೆ ಏರುತ್ತಿದ್ದ ತಲೆನೋವು ಹದಿನೈದು ದಿನಕ್ಕೆ ಇಳಿಯಿತು. ಬೆನ್ನು ಹಿಡಿಯದೆ ಏಳುತ್ತೇನೆ. ಮುಖದಲ್ಲಿ ಕಳೆ ಬಂದಿದೆ ಎಂದು ನಮ್ಮ ಮನೆಯವರು ಹೇಳಿದರು, ವರ್ಷಕ್ಕೆ ಎರಡು ಮಾತಾಡುವ ಮನುಷ್ಯ!

ಆ ದಿನ ಒಲೆಯ ಮುಂದೆ ಕೂತು ಅತ್ತೆ. ಇಷ್ಟು ಸಣ್ಣ ಕೆಲಸ ಸಾಕಿತ್ತೇ ಎಂದು ಅತ್ತೆ. ಈಗ ನನ್ನದು ಒಬ್ಬಳೇ ನೇಯುವ ಸಾದಾ ಸೀರೆ. ಎದ್ದರೆ ಯಾರ ಕೈಯೂ ನಿಲ್ಲುವುದಿಲ್ಲ, ಕುಡಿದರೆ ಯಾರೂ ನಗುವುದಿಲ್ಲ. ಎಷ್ಟು ಸಲ ಬೇಕಾದರೂ ಏಳಬಹುದು. ಅಂಗಳದಲ್ಲಿ ಸುತ್ತು ಹಾಕುವಾಗ ನಿನ್ನ ಮುಚ್ಚಿದ ಬಾಗಿಲು ಕಾಣುತ್ತದೆ, ನಾಲ್ಕು ಸುತ್ತಿಗೆ ನಾಲ್ಕು ಸಲ. ಮೈ ಹಗುರವಾಗಿದೆ ಶೇಖಮ್ಮಾ, ಜೀವ ಹಗುರವಾಗಿಲ್ಲ. ನನ್ನ ಆರೋಗ್ಯವನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲ. ಇದ್ದ ಒಬ್ಬಳನ್ನು ನಾನೇ ಒಣಗಿಸಿದೆ.

ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಿಬಿಡುತ್ತೀ. ಆಮೇಲೆ ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತೀ. ಅದು ನನಗೆ ಬೇಡ. ಈಗ ನಿನಗೆ ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ನಾನು ಹೇಳಬಾರದು, ಆ ಡಾಕ್ಟರೇ ಹೇಳಬೇಕು. ಅವರು ಹೇಳಬೇಕಾದರೆ ನೀನು ಹೋಗಬೇಕು.

ಬುಧವಾರ ಮಧ್ಯಾಹ್ನದ ಬಸ್ಸಿಗೆ ನಾನು ಮಕ್ತಲ್‌ಗೆ ಬರುತ್ತೇನೆ. ಬಯ್ಯಬೇಕೆನ್ನಿಸಿದರೆ ರಾತ್ರಿಯೆಲ್ಲ ಬಯ್ಯಿ, ಬೆಳಿಗ್ಗೆ ಇಬ್ಬರೂ ಹೊರಡೋಣ. ಬಸ್ಸಿನಲ್ಲಿ ನೀನು ಕಿಟಕಿ ಕಡೆ ಕೂತುಕೋ. ಬಾಯಿ ಬಿಟ್ಟು ಹೇಳುವುದೂ ಬೇಡ, ನನ್ನ ಮೊಣಕೈ ಮುಟ್ಟು ಸಾಕು. ನಾನು ಎದ್ದು ನಿಂತು ಬಸ್ಸು ನಿಲ್ಲಿಸಿರಿ ಎಂದು ಕೂಗುತ್ತೇನೆ. ಕಂಡಕ್ಟರು ಗೊಣಗಿದರೆ ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತೇ ಇದೆ. ಎಷ್ಟು ಸಲವಾದರೂ ನಿಲ್ಲಲಿ, ಬಸ್ಸಿನ ಜನವೆಲ್ಲ ಕಾಯಲಿ. ನಾನು ಕೆಳಗಿಳಿದು ಸೆರಗು ಮರೆ ಹಿಡಿದು ನಿಂತಿರುತ್ತೇನೆ. ಬೇಗ ಬಾ ಎಂದು ಒಂದು ಸಲವೂ ಕರೆಯುವುದಿಲ್ಲ.

ಅಲ್ಲಿಯ ತನಕ ನಿನ್ನ ಹೊಟ್ಟೆ ತಣ್ಣಗಿರಲಿ, ಜೀವ ಗಟ್ಟಿಯಾಗಿರಲಿ.

ನಿನ್ನ ಎದುರು ಬಾಗಿಲಿನ
ಗುರಮ್ಮ