ಹಳ್ಳಕ್ಕೆ ಸಾಕ್ಷಿ

ಕ್ರೀಟ್, ೯ ಅಕ್ಟೋಬರ್ ೨೦೧೯, ಬುಧವಾರ

ತಮ್ಮಾ ಸ್ತ್ರಾತಿಸ್,

ನೀನೂ ನಿನ್ನ ಹೆಂಡತಿಯೂ ಚೆನ್ನಾಗಿದ್ದೀರೆಂದು ತಿಳಿದುಕೊಂಡಿದ್ದೇನೆ. ಈಸ್ಟರಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ. ಬೈಯಬೇಡ. ಜೂನ್‌ನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಕೈ ಮುರಿದಿರಲಿಲ್ಲ, ಹಾಗಾಗಿ ಅದು ನೆಪವಾಗುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಒಂದು ಹಾಳೆ ತುಂಬಿಸುವುದೆಂದರೆ ಒಂದು ಹೊಲ ಅಗೆದಂತೆ. ಮೊಮ್ಮಗಳು ರೊದಾಂಥಿ ಫೋನ್ ಮಾಡಿಕೊಡುತ್ತೇನೆ ಅಂದಳು. ಇದು ಫೋನಿನಲ್ಲಿ ಹೇಳುವ ಮಾತಲ್ಲ.

ನಾನೀಗ ಅಳಿಯ ಮನೂಸೊಸನ ಹೊಸ ಹೋಟೆಲಿನಲ್ಲಿದ್ದೇನೆ. ಮನೆಯ ಮೆಟ್ಟಿಲು ಹತ್ತಲಾರೆನೆಂದು ಮಗಳು ತಂದು ಕೂರಿಸಿದಳು. ನೀನು ನೋಡಿದರೆ ಕಟ್ಟಡ ಇನ್ನೂ ಮುಗಿದಿಲ್ಲ ಅನ್ನುತ್ತೀ. ಗೋಡೆಗೆ ಸುಣ್ಣವಿಲ್ಲ, ಬರೀ ಸಿಮೆಂಟು, ಅದೇ ಚೆಂದವಂತೆ. ಕುರ್ಚಿಯಲ್ಲಿ ಕೂತರೆ ಏಳಲಾಗುವುದಿಲ್ಲ. ದೀಪದ ಗುಂಡಿ ಹುಡುಕಲು ಇನ್ನೊಂದು ದೀಪ ಬೇಕು. ಹೊರಗೆ ಬೀದಿಯಲ್ಲಿ ಬಾಡಿಗೆ ಮೋಟಾರುಗಳ ಗದ್ದಲ, ಬಿಸಿಲಿಗೆ ಸುಟ್ಟು ಕೆಂಪಾದ ಇಂಗ್ಲಿಷರು, ಜರ್ಮನರು. ಒಳಗೆ ಬಂದರೆ ಚರ್ಚಿನಂಥ ಮೌನ. ಕೆಳಸಾಲಿನ ಹನ್ನೆರಡು ಕೋಣೆಗಳನ್ನು ನೆಲ ಅಗೆದು ತಗ್ಗಿನಲ್ಲಿ ಕಟ್ಟಿದ್ದಾರೆ. ಹಾಸಿಗೆಯಲ್ಲಿ ಮಲಗಿದರೆ ಈಜುಕೊಳದ ನೀರು ಕಣ್ಣಿನ ಮಟ್ಟಕ್ಕೇ ಕಾಣುತ್ತದೆ. ಅದಕ್ಕೇ ಜನ ಮುಗಿಬೀಳುವುದು. ನನಗೂ ಅಲ್ಲೇ ಒಂದು ಕೊಟ್ಟಿದ್ದಾರೆ. ಕೊನೆಯ ಎರಡರಲ್ಲಿ ಕೆಲಸದ ಹುಡುಗಿಯರು ಮಲಗುತ್ತಾರೆ, ನಮ್ಮ ರೊದಾಂಥಿಯೂ.

ಅದು ಯಾವ ತಗ್ಗು ಎಂದು ನಿನಗೆ ಗೊತ್ತಾಗಿರಬೇಕು. ಅಪ್ಪನ ಆಲಿವ್ ತೋಟದ ಕೆಳಗಿನ ಒಣಹಳ್ಳ.

ಒಂದು ವಾರದಿಂದ ನನ್ನ ಬಾಗಿಲ ಮುಂದೆ, ಕಲ್ಲುಹಾಸಿನ ಸಂದಿಯಲ್ಲಿ ಜೊಂಡು ಮೊಳೆಯುತ್ತಿದೆ. ತೋಟ ನೋಡಿಕೊಳ್ಳುವ ಅಗಿಮ್ ದಿನಾ ಬೆಳಿಗ್ಗೆ ಕತ್ತರಿಸುತ್ತಾನೆ. ಐವತ್ತು ದಾಟಿದವನು, ಅಲ್ಬೇನಿಯಾದವನು.

"ಇಲ್ಲಿ ಜೊಂಡು ನೆಟ್ಟಿದ್ಯಾರು ಅಜ್ಜಿ?" ಅಂದ.

"ಯಾರೂ ನೆಟ್ಟಿಲ್ಲ. ನೀನು ಕತ್ತರಿಸು."

"ಕತ್ತರಿಸ್ತೀನಿ. ನಾಳೆ ಮತ್ತೆ ಇಷ್ಟುದ್ದ ಇರುತ್ತೆ. ನಮ್ಮ ಕಡೆ ಇದು ಬಂದ ಜಾಗದಲ್ಲಿ ಮನೆ ಕಟ್ಟಲ್ಲ."

"ನಿಮ್ಮ ಕಡೆ ಬುದ್ಧಿವಂತರು ಜಾಸ್ತಿ. ಅದಕ್ಕೇ ಎಲ್ಲಾ ಇಲ್ಲಿಗೆ ಬಂದಿದೀರಿ."

ಅವನು ನಕ್ಕ. ನನಗೆ ನಗು ಬರಲಿಲ್ಲ.

ಭಾನುವಾರ ಊಟಕ್ಕೆ ಕೂತಾಗ ಮನೂಸೊಸನಿಗೆ ಹೇಳಿದೆ: "ಆ ಹುಡುಗೀರನ್ನ ಮೇಲಕ್ಕೆ ಹಾಕು. ಮಳೆ ಶುರುವಾಗೋ ಹೊತ್ತು."

"ಮೇಲೆಲ್ಲಾ ತಿಂಗಳ ಕೊನೇವರೆಗೂ ಭರ್ತಿ ಅತ್ತೆ. ಸುಮ್ನೆ ಹಳ್ಳ ಹಳ್ಳ ಅಂತೀರಲ್ಲ, ಹಳ್ಳ ಇಲ್ಲ ಅಂತ ಬರ್ಕೊಟ್ಟೋರು ನೀವೇ ತಾನೇ?"

ಮಗಳು ತಟ್ಟೆ ನೋಡುತ್ತಾ ಕೂತಿದ್ದಳು.

ಅವನು ಹೇಳಿದ್ದು ನಿಜ. ಮೂರು ವರ್ಷದ ಹಿಂದೆ ಹಳೆಯ ನಕ್ಷೆಯಲ್ಲಿ ಒಂದು ಚುಕ್ಕಿಗೆರೆ ಸಿಕ್ಕಿತು. ಅದು ನೀರಿನ ದಾರಿಯಾದರೆ ಕಟ್ಟುವಂತಿಲ್ಲ, ಕಾಲುದಾರಿಯಾದರೆ ಕಟ್ಟಬಹುದು. ನಮ್ಮಲ್ಲಿ ದಾಖಲೆ ಇಲ್ಲದ ಕಡೆ ಹಳಬರ ಬಾಯಿಮಾತೇ ದಾಖಲೆ. ಎಂಜಿನಿಯರು ಬಂದ. "ಇದರಲ್ಲಿ ಕತ್ತೆ ಓಡಾಡ್ತಿದ್ವಾ ಅಜ್ಜಿ?" ಅಂದ. "ಓಡಾಡ್ತಿದ್ವು" ಅಂದೆ. "ಹಾಗಾದ್ರೆ ಕತ್ತೆದಾರಿ" ಅಂದ. ವರ್ಷಕ್ಕೆ ಹನ್ನೊಂದು ತಿಂಗಳು ಅದು ಕತ್ತೆದಾರಿಯೇ, ಸುಳ್ಳಲ್ಲ. ಹೇಳಿಕೆಯ ಕೆಳಗೆ ಇನ್ನೊಂದು ಸಾಲನ್ನೂ ಅವನೇ ಬರೆದಿದ್ದ: ಇಲ್ಲಿ ನೀರಿನಿಂದ ಯಾರಿಗೂ ಹಾನಿಯಾದದ್ದನ್ನು ಕಂಡಿಲ್ಲ, ಕೇಳಿಲ್ಲ. ಮಗಳ ಸಂಸಾರ ಎಂದುಕೊಂಡು ಸಹಿ ಹಾಕಿದೆ.

ಐವತ್ತೈದನೇ ಇಸವಿಯಲ್ಲಿ ನಮ್ಮ ಅನೆಜಿಯನ್ನು ಕೊಂಡುಹೋದದ್ದು ಅದೇ ಹಳ್ಳ. ನಾಲ್ಕು ವರ್ಷದ ಕೂಸು. ನನ್ನ ಸಹಿಯಿಂದ ಅವಳು ಹುಟ್ಟಿಯೂ ಇರಲಿಲ್ಲ, ಸತ್ತೂ ಇರಲಿಲ್ಲ ಎಂದಾಯಿತು. ಆಗ ನಿನಗೆ ಒಂಬತ್ತು, ನನಗೆ ಹನ್ನೆರಡು. ತಂಗಿಯ ಕೈ ಬಿಟ್ಟವನು ಎಂದು ಊರು ನಿನ್ನನ್ನು ಕರೆಯಿತು. ಅಪ್ಪ ಸಾಯುವವರೆಗೂ ನಿನ್ನೊಡನೆ ಮಾತಾಡಲಿಲ್ಲ. ಹದಿನೇಳಕ್ಕೆ ನೀನು ಹಡಗು ಹತ್ತಿ ಮೆಲ್ಬರ್ನ್ ಸೇರಿದೆ, ತಿರುಗಿ ಬರಲಿಲ್ಲ.

ನಾಳೆ ಪುರಸಭೆಗೆ ಹೋಗಿ ಆ ಹೇಳಿಕೆ ಸುಳ್ಳೆಂದು ಬರೆದುಕೊಡುತ್ತೇನೆ. ಕರೆದುಕೊಂಡು ಹೋಗು ಎಂದು ರೊದಾಂಥಿಗೆ ಹೇಳಿದೆ.

"ಅಪ್ಪನ ಮೇಲೆ ದೂರು ಕೊಡ್ತೀಯಾ ಅಜ್ಜಿ?"

"ನಿಮ್ಮಪ್ಪನ ಮೇಲಲ್ಲ. ನನ್ನ ಮೇಲೆ."

"ಹೋದ ವರ್ಷ ಅಷ್ಟು ಮಳೆ ಬಂತು, ಏನಾಯ್ತು?"

"ಇಲ್ಲಿ ಬಂದ್ರೆ ಏನೂ ಆಗಲ್ಲ ಕಣೇ. ಮಳೆ ಬೆಟ್ಟದಲ್ಲಿ ಬರುತ್ತೆ, ನೀರು ಇಲ್ಲಿಗೆ ಬರುತ್ತೆ. ನಮಗೆ ಅವತ್ತು ಮೈಮೇಲೆ ಒಂದು ಹನಿ ಬಿದ್ದಿರಲಿಲ್ಲ."

ಅವಳು ಕಾರಿನ ಬೀಗದ ಕೈ ತೆಗೆದಿಟ್ಟುಕೊಂಡಳು. ಒಳ್ಳೆಯ ಹುಡುಗಿ.

ನಿನ್ನ ಮಕ್ಕಳು ಮೊಮ್ಮಕ್ಕಳನ್ನು ದೇವಮಾತೆ ತನ್ನ ಸೆರಗಿನಲ್ಲಿಟ್ಟು ಕಾಯಲಿ. ನಿನ್ನ ಎದೆನೋವಿಗೆ ಡಾಕ್ಟರು ಕೊಟ್ಟದ್ದನ್ನು ತಿನ್ನು, ಹಟ ಮಾಡಬೇಡ.

ನಿನ್ನ ಅಕ್ಕ,
ಅರ್ಗಿರೊ

ಗುರುವಾರ ಮಧ್ಯಾಹ್ನ. ಲಕೋಟೆ ಅಂಟಿಸಿರಲಿಲ್ಲ, ಇಷ್ಟನ್ನು ಸೇರಿಸುತ್ತೇನೆ.

ಕಚೇರಿಯ ಹೆಂಗಸು, "ನೀರು ಬರ್ತಿತ್ತು ಅಂದ್ರೆ ಸಾಲದಮ್ಮ. ಮಗು ಹೋಗಿದ್ದನ್ನ ಕಂಡೋರು ಯಾರು, ಕೈ ಹಿಡಿದಿದ್ದೋರು ಯಾರು, ಎಲ್ಲಾ ಬರೀಬೇಕು" ಅಂದಳು. ಬರೆಸಿದೆ. ಅನೆಜಿಯ ಒಂದು ಕೈ ನಿನ್ನಲ್ಲಿತ್ತು, ಒಂದು ನನ್ನಲ್ಲಿ. ನೀರಿನ ಸದ್ದು ಕೇಳಿದಾಗ, ನಾನು ಹಿಡಿದುಕೊಂಡಿದ್ದೇನೆ, ನೀನು ಬಿಟ್ಟು ದಡ ಹತ್ತು ಎಂದವಳು ನಾನು. ನೀನು ಅಕ್ಕನ ಮಾತು ಕೇಳಿದೆ. ನೀನು ಹತ್ತಿದ ಮೇಲೆ ಬಿಟ್ಟವಳು ನಾನು. ಅಪ್ಪ ಬೆಲ್ಟು ಬಿಚ್ಚಿ ಯಾರು ಬಿಟ್ಟದ್ದೆಂದು ಕೇಳಿದಾಗ ನೀನು, "ನಾನು ಬಿಟ್ಟೆ" ಅಂದೆ. ನಾನು ಬಾಯಿ ಬಿಡಲಿಲ್ಲ. ಅರವತ್ತನಾಲ್ಕು ವರ್ಷ ಬಿಡಲಿಲ್ಲ.

ಅದರ ನಕಲು ಇದರ ಜೊತೆಗಿದೆ, ಮುದ್ರೆ ಹಾಕಿದ್ದಾರೆ. ನಿನ್ನ ಮಕ್ಕಳಿಗೆ ಓದಿಸು.

ಕಚೇರಿಯವರು ಬಂದು ನೋಡಲು ಇಪ್ಪತ್ತು ದಿನವಂತೆ. ಬೆಳಗಿನಿಂದ ಮೋಡ ಕವಿದು ಬೆಟ್ಟ ಕಾಣುತ್ತಿಲ್ಲ. ಇಲ್ಲಿ ಒಳ್ಳೆಯ ಬಿಸಿಲು, ಜನ ಕೊಳದಲ್ಲಿದ್ದಾರೆ. ಅಗಿಮನಿಗೆ ಹೇಳಿ ರೊದಾಂಥಿಯ ಹಾಸಿಗೆಯನ್ನು ಮೇಲಿನ ಉಗ್ರಾಣಕ್ಕೆ ಹಾಕಿಸಿದೆ. ಅವಳು ಮತ್ತೆ ಕೆಳಗೆ ಹೋಗಿದ್ದಾಳೆ. ಉಳಿದ ಹುಡುಗಿಯರನ್ನು ಬಿಟ್ಟು ಬರುವುದಿಲ್ಲವಂತೆ.