ಅಪ್ಪನ ಮಂಪರಿಗೆ ಅಂಕ

ಜೂನ್ 10, ಬೆಳಿಗ್ಗೆ
ಅಪ್ಪನಿಗೆ ಗಂಜಿ ಕುಡಿಸಿದ್ದಾಯಿತು. ನಾಲ್ಕು ಚಮಚ, ಅಷ್ಟೇ. ನರ್ಸ್ ರೋಜಾ ಬಂದಿದ್ದಳು. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದೆ, ಇನ್ನು ನೋವು ತಗ್ಗಿಸುವುದೊಂದೇ ದಾರಿ. ಮಾರ್ಫಿನ್ ಅರ್ಧ ಮಾತ್ರೆಯಿಂದ ಒಂದಕ್ಕೆ ಏರಿದೆ. ಡೋಸ್ ಕೊಟ್ಟಾಗಲೆಲ್ಲ ಮಂಪರು ಎಷ್ಟೆಂದು ನೋಡಬೇಕಂತೆ. ಹೆಸರು ಹಿಡಿದು ಕರೆಯಬೇಕು. ಕೂಡಲೇ ಕಣ್ಣು ಬಿಟ್ಟರೆ ಒಂದು. ತಡವಾದರೆ ಎರಡು. ಬಿಡದೇ ಹೋದರೆ ಮೂರು — ಆಗ ಡೋಸ್ ಇಳಿಸಬೇಕು. ಹಗಲು ನನಗೆ ಪೆನ್ನಾಗರಂನಲ್ಲಿ ಟೈಲರಿಂಗ್ ಕೆಲಸ. ಅಮ್ಮನೇ ನೋಡಬೇಕು.

ಜೂನ್ 11
"ಮೂರು" ಅಂದಳು ಅಮ್ಮ. ರೋಜಾಗೆ ಫೋನ್ ಮಾಡಿದೆ. ಮತ್ತೆ ಅರ್ಧ ಮಾತ್ರೆ.

ಜೂನ್ 13
ದಿಂಬು ಕಚ್ಚಿಕೊಂಡು ನರಳುತ್ತಾನೆ. ಕುರಿಮಂದೆ ಹೊಡೆದುಕೊಂಡು ಕಾಡೆಲ್ಲ ಸುತ್ತಿದ ಮನುಷ್ಯ. "ಕೊಂದಾಕ್ಬುಡ್ರಮ್ಮಾ, ಈ ನೋವು ತಾಂಗಕ್ಕಾಗಲ್ಲ." ಅರ್ಧಕ್ಕೂ ಮೂರು ಅನ್ನುತ್ತಾಳೆ ಅಮ್ಮ! ಇಷ್ಟು ನರಳುವವನಿಗೆ ಅದೆಲ್ಲಿಯ ಮಂಪರು? ಸಿಟ್ಟು ಬರುತ್ತಿದೆ. ಯಾರ ಮೇಲೋ.

ಜೂನ್ 14, ಮಧ್ಯಾಹ್ನ
ಲೀವ್ ಹಾಕಿದೆ. ಅಪ್ಪನಿಗೆ ಜೊಂಪು ಹತ್ತಿತ್ತು. ಅಮ್ಮ ಕಾಲ ದೆಸೆ ನಿಂತು ಬಳೆ ಆಡಿಸಿದಳು. ಅಪ್ಪ ಏಳಲಿಲ್ಲ. ನನ್ನ ಕಡೆ ತಿರುಗಿ ಮೂರು ಬೆರಳು ತೋರಿಸಿದಳು.
"ಇದೇನಮ್ಮಾ ಕರೆಯಾದು?"
"ಇನ್ನೆಂಗ್ ಕರೀಲಿ ಚಂದ್ರೀ? ಮದ್ವೆ ಆದಾಗಿಂದ ಇಂಗೇ ಕರ್ದಿರಾದು. ಗಂಡನ್ ಎಸ್ರು ಏಳುದ್ರೆ ಅವ್ರ್ ಆಯಸ್ಸು ಕಮ್ಮಿ ಆಯ್ತದೆ ಕಣೇ."
ಅಯ್ಯೋ ದೇವರೇ. "ಅಪ್ಪಾ!" ಅಂದೆ. ಕೂಡಲೇ ಕಣ್ಣು ಬಿಟ್ಟ. ಒಂದು.
ಅಮ್ಮ ಅಪ್ಪನ ಕಾಲು ಹಿಡಿದುಕೊಂಡು ಅತ್ತಳು. "ಇಷ್ಟ್ ದಿನ ನಾನೇ ಅವ್ರ್ನ ನರಳಿಸ್ಬುಟ್ನಾ?" ಅವಳನ್ನು ತಬ್ಬಿಕೊಂಡು ನಾನೂ ಅತ್ತೆ.

ಜೂನ್ 15
ರೋಜಾಗೆ ಎಲ್ಲ ಹೇಳಿದೆ. ಮತ್ತೆ ಒಂದು ಮಾತ್ರೆ. ನಾನು ಕರೀತೀನಿ ಅಂದರೂ ಅಮ್ಮ ಬಿಡಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು, ಕೇಳಿಯೂ ಕೇಳದ ಹಾಗೆ — "ಅಣ್ಣಯ್ಯಪ್ಪಾ."
ಅಪ್ಪ ಮೆಲ್ಲಗೆ ಕಣ್ಣು ಬಿಟ್ಟ. "ಯಾರದು, ನನ್ ಎಸ್ರಿಡ್ದು ಕರೆಯೋಳು? ಧೈರ್ಯ ಬಂದ್ಬುಡ್ತಾ ಮಾದಮ್ಮಾ?"
ನಗುತ್ತಿದ್ದ. ಅಮ್ಮ ನಾಚಿ ಒಳಗೆ ಓಡಿದಳು. ಸಂಜೆವರೆಗೂ ನೋವಿಲ್ಲದೆ ಮಲಗಿದ.

ಜೂನ್ 20
ಉಸಿರು ನಿಂತು ನಿಂತು ಬರುತ್ತಿದೆ. ಮಾತ್ರೆಯಿಂದಲ್ಲ, ಕಾಯಿಲೆ ಕೊನೆ ಮುಟ್ಟಿದೆ ಅಂದಳು ರೋಜಾ. ಮುಖದಲ್ಲಿ ನೋವಿಲ್ಲ. ಅಷ್ಟು ಸಾಕು.
ಅಮ್ಮ ಪಕ್ಕದಲ್ಲಿ ಕೂತಿದ್ದಾಳೆ. ಸೆರಗು ಅಡ್ಡವಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಕರೆಯುತ್ತಿದ್ದಾಳೆ. ಅಣ್ಣಯ್ಯಪ್ಪಾ... ಅಣ್ಣಯ್ಯಪ್ಪಾ... ಎಷ್ಟು ಅಂತ ನಾನು ಕೇಳಲಿಲ್ಲ. ಅವಳೂ ಬೆರಳು ತೋರಿಸಲಿಲ್ಲ. ಅಪ್ಪ ಕಣ್ಣು ಬಿಟ್ಟಿಲ್ಲ. ಅವಳು ಇನ್ನೂ ಕರೆಯುತ್ತಲೇ ಇದ್ದಾಳೆ.